ತೆರೆದು ಮುಚ್ಚಿದರೆ ಚಾಕು ಸವೆಯುವುದೆ?

ಪಾಠಶಾಲೆಯಲ್ಲಿ ಏಳುವ ಪ್ರಶ್ನೆಗಳಿಗೆ ಬಹುಮಟ್ಟಿಗೆ ಪುಸ್ತಕಗಳಲ್ಲಿ ಉತ್ತರ ದೊರೆಯುವುದು. ಮನೆಯ ಜಗಲಿಯ ಮೇಲೆ ಏಳುವ ಪ್ರಶ್ನೆಗಳಿಗಾದರೋ ಕಣ್ಣಿನಿಂದ ನೋಡಿ, ಬುದ್ಧಿಯಿಂದ ವಿಚಾರಿಸಿ, ನಾವೇ ಉತ್ತರವನ್ನು ಕಂಡುಕೊಳ್ಳಬೇಕು. ಅಂತಹುದೊಂದು ಪ್ರಶ್ನೆಯನ್ನು ಈ ಸಂಚಿಕೆಯ ವಾಚಕರ ಮುಂದಿಡುತ್ತೇವೆ. ಪ್ರಶ್ನೆಯು ಸಣ್ಣದಾದರೂ ಅದರ ಬೆನ್ನು ಹತ್ತಿ ಹೋದರೆ ಪ್ರಕೃತಿಯ ಕೆಲವು ದೊಡ್ಡ ನಿಯಮಗಳು ಗೋಚರವಾಗುವುವು.

ಕಳೆದ ಬೇಸಗೆಯ ರಜೆಯಲ್ಲಿ ನಾವು ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲಿಗೆ ಹೋಗಿದ್ದೆವು. ನಮ್ಮ ವಿದ್ಯಾರ್ಥಿನಿಯೊಬ್ಬಳ ಮನೆ ಅಲ್ಲಿರುವುದು. ಆಕೆಯ ತಾತನವರು ಮಾವಿನ ಗಿಡಗಳಿಗೆ ಕಸಿ ಕಟ್ಟುವುದರಲ್ಲಿ ಕೈ ಪಳಗಿದವರು. ಅವರು ತೀರಿಕೊಂಡು ಎರಡು ವರ್ಷಗಳಾದುವು. ಅವರು ನಲವತ್ತು ವರ್ಷಗಳ ಕಾಲ ಜೇಬಿನಲ್ಲಿಟ್ಟುಕೊಂಡು ತಿರುಗಿದ ಮಡಿಸುವ ಚಾಕು ಈಗ ಮೊಮ್ಮಗಳ ಕೈಗೆ ಬಂದಿದೆ. ನಾವು ಹೋದ ಹೊತ್ತಿನಲ್ಲಿ ಆಕೆ ಜಗಲಿಯ ಮೇಲೆ ಕುಳಿತು, ಮಾತನಾಡುತ್ತಲೇ ಅದನ್ನು ತೆರೆಯುವುದು, ಮುಚ್ಚುವುದು, ಮತ್ತೆ ತೆರೆಯುವುದು, ಹೀಗೆ ಮಾಡುತ್ತಿದ್ದಳು. ಅಲಗನ್ನು ಅರ್ಧ ಎತ್ತಿ, ಉಳಿದರ್ಧವನ್ನು ಮಣಿಕಟ್ಟು ಕೊಡವಿ ಚಿಮ್ಮಿಸುವುದು ಆಕೆಗೆ ಚೆನ್ನಾಗಿ ಅಭ್ಯಾಸವಾಗಿತ್ತು. ‘ಟಕ್’ ಎಂಬ ಶಬ್ದವು ಒಂದೇ ಸಮನೆ ಕೇಳುತ್ತಿತ್ತು.

“ಸುಮ್ಮನೆ ಆಡಿಸಬೇಡ ಕಣವ್ವ, ಸವೆದುಹೋಗುತ್ತೆ” ಎಂದು ಅಜ್ಜಿಯವರು ಒಳಗಿನಿಂದ ಗದರಿಸಿದರು.

“ಕಬ್ಬಿಣ ಎಲ್ಲಾದರೂ ಸವೆಯುತ್ತದೆಯೆ, ಅಜ್ಜಿ?” ಎಂದು ಮೊಮ್ಮಗಳು ಕೇಳಿದಳು.

ಅಜ್ಜಿಯವರು ಹೊರಗೆ ಬಂದು ಅಲಗನ್ನು ತೋರಿಸಿದರು. “ನೋಡಿ ಅಮ್ಮ, ತಂದಾಗ ಇಷ್ಟಗಲ ಇತ್ತು, ಈಗ ಅರ್ಧಕ್ಕೆ ಬಂದಿದೆ. ಸವೆಯದೆ ಹೋಯಿತೆ? ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟುಬಿಡುತ್ತೇನೆ” ಎಂದರು. ಮೊಮ್ಮಗಳ ಕಣ್ಣುಗಳಲ್ಲಿ ನೀರು ತುಂಬಿತು. ತಾತನ ಕೆಲಸವನ್ನು ಆ ಚಾಕುವಿನಿಂದಲೇ ಕಲಿಯಬೇಕೆಂದು ಆಕೆಯ ಆಸೆ. ಇಬ್ಬರೂ ನಮ್ಮನ್ನು ನ್ಯಾಯ ಹೇಳಿರೆಂದು ಕೇಳಿದರು. ಆ ಹೊತ್ತಿಗೆ ನಾವು ಏನೋ ಸಮಾಧಾನದ ಮಾತನಾಡಿ ಬಂದೆವು. ಪೂರ್ಣವಾದ ಉತ್ತರವು ಈ ಲೇಖನದಲ್ಲಿದೆ.

ಮೊದಲು ಚಾಕುವಿನ ಅಂಗಾಂಗಗಳನ್ನು ತಿಳಿದುಕೊಳ್ಳೋಣ. ಮಡಿಸುವ ಚಾಕುವಿನಲ್ಲಿ ಅಲಗು ಒಂದು, ಹಿಡಿ ಒಂದು, ಇವೆರಡನ್ನೂ ಕೂಡಿಸುವ ಕೀಲು ಒಂದು. ಹಿಡಿಯ ಎರಡು ಪಕ್ಕಗಳು ಮರದಿಂದಲೋ ಕೊಂಬಿನಿಂದಲೋ ಮಾಡಲ್ಪಟ್ಟಿರುವುವು. ಅವುಗಳ ಒಳಮೈಗೆ ಹಿತ್ತಾಳೆಯ ತಗಡು ಇರುವುದುಂಟು. ಹಿಡಿಯ ಬೆನ್ನಿನುದ್ದಕ್ಕೂ ಒಂದು ಉಕ್ಕಿನ ಪಟ್ಟಿಯುಂಟು. ಇದೇ ಸ್ಪ್ರಿಂಗು. ಇದರ ಹಿಂಭಾಗವು ಹಿಡಿಗೆ ಭದ್ರವಾಗಿ ಕೂಡಿಕೊಂಡಿದ್ದು, ಮುಂದಿನ ತುದಿಯು ಅಲಗಿನ ಬುಡವನ್ನು ಸದಾ ಒತ್ತುತ್ತಿರುವುದು. ಅಲಗಿನ ಬುಡವು ದುಂಡಗಿರದೆ, ಮಟ್ಟಸವಾದ ಮುಖಗಳನ್ನೂ ಮೂಲೆಗಳನ್ನೂ ಉಳ್ಳದ್ದಾಗಿರುತ್ತದೆ. ಚಾಕು ಮುಚ್ಚಿರುವಾಗ ಒಂದು ಮುಖದ ಮೇಲೆ ಸ್ಪ್ರಿಂಗು ಕುಳಿತಿರುವುದು. ತೆರೆದಿರುವಾಗ ಇನ್ನೊಂದು ಮುಖದ ಮೇಲೆ. ನಡುವೆ ತಿರುಗುವಾಗ ಬುಡದ ಮೂಲೆಯು ಸ್ಪ್ರಿಂಗನ್ನು ಮೇಲಕ್ಕೆತ್ತುವುದು. ಮೂಲೆ ದಾಟಿದೊಡನೆ ಸ್ಪ್ರಿಂಗು ಕೆಳಗೆ ಬೀಳುವುದು. ಆಗ ಕೇಳಿಸುವ ಶಬ್ದವೇ ‘ಟಕ್’. ಅಜ್ಜಿಯವರ ಎಲೆಯಡಿಕೆಯ ಚೀಲದಲ್ಲಿರುವ ಅಡಕತ್ತರಿಗೂ ಇಂತಹ ಕೀಲುಂಟು, ಆದರೆ ಅದಕ್ಕೆ ಸ್ಪ್ರಿಂಗು ಇಲ್ಲ. ಆದುದರಿಂದ ಅಡಕತ್ತರಿಯಲ್ಲಿ ಸವೆಯುವ ಮುಖ್ಯ ಸ್ಥಳ ಕೀಲು ಮಾತ್ರ. ಚಾಕುವಿನಲ್ಲಾದರೋ ಎರಡು: ಕೀಲಿನ ಮೊಳೆ ಒಂದು, ಸ್ಪ್ರಿಂಗು ಅಲಗಿನ ಬುಡವನ್ನು ಮುಟ್ಟುವ ಜಾಗ ಇನ್ನೊಂದು.

ಇನ್ನು ಸವೆತವೆಂದರೇನು? ನುಣುಪಾಗಿ ಕಾಣುವ ಉಕ್ಕನ್ನು ಸೂಕ್ಷ್ಮದರ್ಶಕ ಯಂತ್ರದಲ್ಲಿಟ್ಟು ನೋಡಿದರೆ ಅದು ನುಣುಪಲ್ಲ. ರೈಲಿನ ಕಿಟಕಿಯಿಂದ ಕಾಣುವ ಮಾಕಳಿದುರ್ಗದ ಬೆಟ್ಟಗಳ ಹಾಗೆ ಉಬ್ಬುತಗ್ಗುಗಳ ಸಾಲು ಅದರಲ್ಲಿರುವುದು. ಎರಡು ಉಕ್ಕಿನ ಮುಖಗಳು ಒಂದನ್ನೊಂದು ಮುಟ್ಟಿದಾಗ ಇಡೀ ಮುಖಗಳು ಮುಟ್ಟುವುದಿಲ್ಲ. ಶಿಖರಗಳು ಮಾತ್ರ ಮುಟ್ಟುವುವು. ಒತ್ತಡವೆಲ್ಲ ಆ ಕೆಲವು ಶಿಖರಗಳ ಮೇಲೆ ಬೀಳುವುದರಿಂದ ಅವು ಒಂದಕ್ಕೊಂದು ಅಂಟಿಕೊಳ್ಳುವುವು. ಜಾರಿದಾಗ ಅವುಗಳಲ್ಲಿ ಕೆಲವು ಮುರಿದು ಪುಡಿಯಾಗುವುವು. ಈ ಪುಡಿಯೇ ಸವೆದುಹೋದ ಉಕ್ಕು. 1953ರಲ್ಲಿ ಆರ್ಚರ್ಡ್ ಎಂಬ ಆಂಗ್ಲ ವಿಜ್ಞಾನಿಯು ಈ ವಿಷಯಕ್ಕೆ ಒಂದು ಸರಳವಾದ ಸೂತ್ರವನ್ನು ಪ್ರಕಟಿಸಿದನು. ಒತ್ತಡ ಹೆಚ್ಚಿದಷ್ಟೂ ಸವೆತ ಹೆಚ್ಚು. ಜಾರಿದ ದೂರ ಹೆಚ್ಚಿದಷ್ಟೂ ಸವೆತ ಹೆಚ್ಚು. ಲೋಹದ ಗಡಸುತನ ಹೆಚ್ಚಿದಷ್ಟೂ ಸವೆತ ಕಡಮೆ. ಇವುಗಳ ಜೊತೆಗೆ ಎಣ್ಣೆ, ಧೂಳು ಮೊದಲಾದುವುಗಳಿಗೆ ತಕ್ಕಂತೆ ಸವೆತದ ಪ್ರಮಾಣವು ನೂರುಪಟ್ಟು, ಸಾವಿರಪಟ್ಟು ಏರುಪೇರಾಗಬಹುದು. ಆದುದರಿಂದ “ಕಬ್ಬಿಣ ಸವೆಯುವುದಿಲ್ಲ” ಎಂಬ ಮೊಮ್ಮಗಳ ಮಾತು ಸರಿಯಲ್ಲ. ಸವೆಯದ ಕಬ್ಬಿಣ ಲೋಕದಲ್ಲಿಲ್ಲ. ಎಷ್ಟು ಸವೆಯುವುದೆಂಬುದೇ ಪ್ರಶ್ನೆ.

ಲೆಕ್ಕ ಹಾಕಿ ನೋಡೋಣ. ಕೀಲಿನ ಮೊಳೆಯ ವ್ಯಾಸವು 3 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಅದರ ಸುತ್ತಳತೆ ಸುಮಾರು 9.4 ಮಿಲಿಮೀಟರ್. ಚಾಕುವನ್ನು ತೆರೆದರೆ ಅರ್ಧ ಸುತ್ತು, ಮುಚ್ಚಿದರೆ ಇನ್ನರ್ಧ ಸುತ್ತು. ಎಂದರೆ ಒಂದು ಸಲ ತೆರೆದು ಮುಚ್ಚುವುದರಲ್ಲಿ ಲೋಹದ ಮೇಲೆ ಲೋಹವು ಜಾರುವ ದೂರ 9.4 ಮಿಲಿಮೀಟರ್ ಮಾತ್ರ. ತಾತನವರು ದಿನಕ್ಕೆ ಹತ್ತು ಸಲ ಚಾಕುವನ್ನು ತೆರೆದರೆಂದು ಎಣಿಸಿದರೆ ವರ್ಷಕ್ಕೆ 3,650 ಸಲವಾಯಿತು. ನಲವತ್ತು ವರ್ಷಗಳಿಗೆ 1,46,000 ಸಲವಾಯಿತು. ಅಷ್ಟು ಕಾಲದಲ್ಲಿ ಕೀಲು ಜಾರಿದ ಒಟ್ಟು ದೂರವು ಒಂದೂವರೆ ಕಿಲೋಮೀಟರಿಗಿಂತಲೂ ಕಡಮೆ. ಒಬ್ಬ ಮನುಷ್ಯನ ದುಡಿಮೆಯ ಆಯುಷ್ಯದಲ್ಲಿ ಆ ಪುಟ್ಟ ಮೊಳೆಯು ಊರಿನಿಂದ ಹೊಲದವರೆಗೆ ಒಂದು ಸಲ ನಡೆದಷ್ಟು ಮಾತ್ರ ನಡೆಯಿತು! ಎಣ್ಣೆಯಿದ್ದ ಕೀಲಿಗೆ ಇದು ಏನೇನೂ ಅಲ್ಲ. ಅಜ್ಜಿಯವರ ಭಯವು ಹೆಚ್ಚಾಯಿತೆಂದು ಇದರಿಂದ ತೋರಬಹುದು.

ಆದರೆ ಲೆಕ್ಕವನ್ನು ಇಲ್ಲಿಗೇ ನಿಲ್ಲಿಸಬಾರದು. ಜಗಲಿಯ ಮೇಲೆ ಕುಳಿತ ಮೊಮ್ಮಗಳು ನಿಮಿಷಕ್ಕೆ ಇಪ್ಪತ್ತು ಸಲ ತೆರೆದು ಮುಚ್ಚುತ್ತಿದ್ದಳು. ಅರ್ಧ ಗಂಟೆಗೆ 600 ಸಲವಾಯಿತು. ತಾತನವರು ಎರಡು ತಿಂಗಳಲ್ಲಿ ಮಾಡಿದ್ದನ್ನು ಆಕೆ ಅರ್ಧ ಗಂಟೆಯಲ್ಲಿ ಮಾಡಿದಳು. ಪ್ರತಿದಿನವೂ ಹೀಗೆಯೇ ಅರ್ಧ ಗಂಟೆ ಆಡಿಸಿದರೆ ನಲವತ್ತು ವರ್ಷಗಳ ಸವೆತವು ಸುಮಾರು ಎಂಟು ತಿಂಗಳಲ್ಲಿ ಮುಗಿಯುವುದು. ಇದಲ್ಲದೆ ಸ್ಪ್ರಿಂಗು ಮುಟ್ಟುವ ಬುಡದ ಮೂಲೆಯು ಕೀಲಿನ ನಡುವಿನಿಂದ ಸುಮಾರು 5 ಮಿಲಿಮೀಟರ್ ದೂರದಲ್ಲಿರುವುದರಿಂದ, ಅಲ್ಲಿ ಒಂದು ಸಲಕ್ಕೆ ಜಾರುವ ದೂರವು ಮೂರು ಸೆಂಟಿಮೀಟರಿಗೂ ಮೇಲಾಗುವುದು. ಒತ್ತಡವೂ ಅಲ್ಲಿಯೇ ಹೆಚ್ಚು. ಆದುದರಿಂದ ಮಡಿಸುವ ಚಾಕುವಿನಲ್ಲಿ ಮೊದಲು ಸವೆಯುವುದು ಬುಡದ ಮೂಲೆ. ‘ಟಕ್’ ಎಂಬ ಶಬ್ದವು ಮೆತ್ತಗಾಗುತ್ತ ಬಂದರೆ ಅದೇ ಅದರ ಗುರುತು.

ಹಾಗಾದರೆ ಅಜ್ಜಿಯವರು ತೋರಿಸಿದ ಸಾಕ್ಷಿಯ ಗತಿಯೇನು? ಅಲಗು ಅರ್ಧಕ್ಕೆ ಇಳಿದಿರುವುದು ನಿಜ. ಆದರೆ ಅದು ತೆರೆದು ಮುಚ್ಚಿದ್ದರಿಂದ ಆದುದಲ್ಲ, ಸಾಣೆಕಲ್ಲಿನಿಂದ ಆದುದು. ಹರಿತ ಮಾಡುವುದೆಂದರೆ ಉಕ್ಕನ್ನು ಬೇಕೆಂದೇ ಸವೆಯಿಸುವುದು. ನಲವತ್ತು ವರ್ಷಗಳಲ್ಲಿ ಸಾಣೆಯು ಅಲಗಿನಿಂದ ತೆಗೆದುಕೊಂಡ ಉಕ್ಕಿನ ಮುಂದೆ ಕೀಲಿನಲ್ಲಿ ಸವೆದ ಉಕ್ಕು ಲೆಕ್ಕಕ್ಕೇ ಬಾರದು. ಆ ಸವೆತವು ನಷ್ಟವೂ ಅಲ್ಲ. ಅದು ಮಾಡಿದ ಕೆಲಸದ ಬೆಲೆ. ಅಜ್ಜಿಯವರು ತೋರಿಸಿದ ಕಾರಣ ತಪ್ಪಾಗಿದ್ದರೂ ಅವರ ಮಾತಿನಲ್ಲಿ ಸತ್ಯವಿಲ್ಲದೆ ಇಲ್ಲ. ಅದನ್ನು ಈಗ ಹೇಳುತ್ತೇವೆ.

ನಾವು ಆ ಚಾಕುವಿನ ಕೀಲನ್ನು ಒಂದು ಬಿಳಿಯ ಬಟ್ಟೆಯ ಚೂರಿನಿಂದ ಒರಸಿ ನೋಡಿದೆವು. ಬಟ್ಟೆಗೆ ಕಪ್ಪು ಮಸಿ ಹತ್ತಿತು. ಅದನ್ನು ಬೆರಳುಗಳ ನಡುವೆ ಹೊಸಕಿದಾಗ ಮರಳಿನಂತೆ ಚುರುಗುಟ್ಟಿತು. ಕಪ್ಪು ಮಸಿಯು ಹಳೆಯ ಎಣ್ಣೆಯೊಡನೆ ಬೆರೆತ ಉಕ್ಕಿನ ಪುಡಿ. ಚುರುಗುಟ್ಟಿದ್ದು ಸಾಸಲಿನ ಕೆಮ್ಮಣ್ಣು. ಆ ಸೀಮೆಯ ನೆಲವು ಕಗ್ಗಲ್ಲಿನ ಬಂಡೆಗಳು ಸಾವಿರಾರು ವರ್ಷಗಳಲ್ಲಿ ಶಿಥಿಲವಾಗಿ ಆದ ಮಣ್ಣು. ಬಂಡೆಯ ಇತರ ಭಾಗಗಳು ಕರಗಿ ಜೇಡಿಯಾದರೂ ಅದರಲ್ಲಿದ್ದ ಬೆಣಚುಕಲ್ಲು ಕರಗುವುದಿಲ್ಲ; ಸಣ್ಣ ಸಣ್ಣ ಹರಳುಗಳಾಗಿ ಮಣ್ಣಿನಲ್ಲಿ ಉಳಿದುಬಿಡುವುದು. ಜರ್ಮನಿಯ ಖನಿಜಶಾಸ್ತ್ರಜ್ಞನಾದ ಮೋಸ್ ಎಂಬಾತನು 1812ರಲ್ಲಿ ಕಲ್ಲುಗಳ ಗಡಸುತನಕ್ಕೆ ಹತ್ತು ಮೆಟ್ಟಿಲುಗಳ ಒಂದು ಅಳತೆಯನ್ನು ಏರ್ಪಡಿಸಿದನು. ಅದರಲ್ಲಿ ಬಳಪದ ಕಲ್ಲಿನ ಜಾತಿಯದು ಒಂದನೆಯ ಮೆಟ್ಟಿಲು, ವಜ್ರವು ಹತ್ತನೆಯದು, ಬೆಣಚುಕಲ್ಲು ಏಳನೆಯದು. ಚಾಕುವಿನ ಉಕ್ಕು ಸಾಮಾನ್ಯವಾಗಿ ಐದೂವರೆಗೂ ಆರೂವರೆಗೂ ನಡುವೆ ನಿಲ್ಲುವುದು. ಹಿತ್ತಾಳೆಯು ಮೂರರ ಸಮೀಪ. ಎಂದರೆ ನಮ್ಮ ಹೊಲದ ಧೂಳು ನಮ್ಮ ಚಾಕುವಿಗಿಂತ ಗಡಸು. ಆ ಹರಳೊಂದು ಕೀಲಿನೊಳಗೆ ಸೇರಿತೆಂದರೆ ಪ್ರತಿಯೊಂದು ಸಲ ತಿರುಗಿದಾಗಲೂ ಅದು ಸಾಣೆಕಲ್ಲಿನಂತೆಯೇ ಉಕ್ಕನ್ನು ಗೀರುತ್ತಿರುವುದು.

ಹಳೆಯ ಬಾವಿಗಳ ಅಂಚಿನ ಕಲ್ಲಿನಲ್ಲಿ ಹಗ್ಗದ ಗೆರೆಗಳನ್ನು ನಮ್ಮ ವಾಚಕರು ನೋಡಿರಬಹುದು. ನಾರಿನ ಹಗ್ಗವು ಕಲ್ಲನ್ನು ಹೇಗೆ ಕೊರೆಯಿತು? ಬಹುಕಾಲದ ಉಜ್ಜಾಟವೊಂದೇ ಅಲ್ಲ, ಒದ್ದೆಯಾದ ಹಗ್ಗಕ್ಕೆ ಅಂಟಿಕೊಂಡ ಮರಳು ಕೂಡ ಆ ಕೆಲಸವನ್ನು ಮಾಡಿತು. ಹಾಗೆಯೇ ಚಾಕುವನ್ನು ಸವೆಯಿಸುವುದರಲ್ಲಿ ನಮ್ಮ ಕೈಗಿಂತ ಕೈಯಲ್ಲಿದ್ದ ಮಣ್ಣು ದೊಡ್ಡ ಅಪರಾಧಿ. ಶುಚಿಯಾದ, ಎಣ್ಣೆಯುಳ್ಳ ಕೀಲು ಸಾವಿರ ಸಲ ತಿರುಗಿ ಪಡುವ ಸವೆತವನ್ನು, ಒಣಗಿ ಧೂಳು ತುಂಬಿದ ಕೀಲು ಕೆಲವೇ ಸಲ ತಿರುಗಿ ಪಡಬಲ್ಲದು. ಶಾಲೆಯ ಹೊಲಿಗೆಯ ಕೋಣೆಯಲ್ಲಿರುವ ಯಂತ್ರವನ್ನು ನೋಡಿರಿ. ಅದರ ಸೂಜಿಯು ನಿಮಿಷಕ್ಕೆ ನೂರಾರು ಸಲ ಏರಿಳಿಯುವುದು. ಆದರೂ ತಾಯಿಯ ಯಂತ್ರದಲ್ಲಿ ಮಗಳು ಹೊಲಿಯುತ್ತಿರುವ ಮನೆಗಳು ಎಷ್ಟೋ ಇವೆ. ದೊಡ್ಡಬಳ್ಳಾಪುರದ ರೇಷ್ಮೆಯ ಮಗ್ಗಗಳು ಹಗಲಿರುಳೂ ಲಾಳಿಯಾಡಿಸುವುವು. ಇವೆಲ್ಲಕ್ಕೂ ಕಾಲಕಾಲಕ್ಕೆ ಎಣ್ಣೆ ಬೀಳುತ್ತಿರುವುದೇ ಅವುಗಳ ದೀರ್ಘಾಯುಷ್ಯದ ಗುಟ್ಟು.

ಇನ್ನು ಚಿಮ್ಮಿಸುವ ವಿಷಯ. ಮೆಲ್ಲಗೆ ತೆರೆಯುವುದಕ್ಕೂ ಮಣಿಕಟ್ಟು ಕೊಡವಿ ತೆರೆಯುವುದಕ್ಕೂ ಜಾರುವ ದೂರ ಒಂದೇ. ಆದರೆ ಕೊನೆಯಲ್ಲಿ ಬೀಳುವ ಪೆಟ್ಟು ಒಂದೇ ಅಲ್ಲ. ಹದಿನೆಂಟನೆಯ ಶತಮಾನದ ಆದಿಭಾಗದಲ್ಲಿ ಹಾಲೆಂಡಿನ ಗ್ರಾವೆಸಾಂಡೆ ಎಂಬ ವಿದ್ವಾಂಸನು ಹಿತ್ತಾಳೆಯ ಗುಂಡುಗಳನ್ನು ಮೆತ್ತನೆಯ ಜೇಡಿಮಣ್ಣಿನ ಮೇಲೆ ಬೀಳಿಸಿ ಪರೀಕ್ಷಿಸಿದನು. ವೇಗವು ಎರಡುಪಟ್ಟಾದರೆ ಗುಂಡು ಮಾಡಿದ ಕುಳಿಯು ಎರಡುಪಟ್ಟಲ್ಲ, ನಾಲ್ಕುಪಟ್ಟಾಯಿತು. ಈ ಪರೀಕ್ಷೆಯ ಅರ್ಥವನ್ನು ಚೆನ್ನಾಗಿ ಗ್ರಹಿಸಿ, 1740ರಲ್ಲಿ ಪ್ರಕಟವಾದ ತನ್ನ ಭೌತಶಾಸ್ತ್ರದ ಗ್ರಂಥದಲ್ಲಿ ಲೋಕಕ್ಕೆ ವಿವರಿಸಿದವಳು ಒಬ್ಬ ಸ್ತ್ರೀ. ಆಕೆಯೇ ಫ್ರಾನ್ಸಿನ ಎಮಿಲಿ ದ್ಯು ಶಾತ್ಲೆ. ನ್ಯೂಟನ್ನನ ಮಹಾಗ್ರಂಥವನ್ನು ಫ್ರೆಂಚ್ ಭಾಷೆಗೆ ತಂದವಳೂ ಆಕೆಯೇ. ಹೆಣ್ಣುಮಕ್ಕಳಿಗೆ ಗಣಿತವೇಕೆಂದು ಕೇಳುವವರಿಗೆ ಈ ಮಹಿಳೆಯ ಜೀವನವೇ ಉತ್ತರವೆಂದು ಪ್ರಸಂಗವಶಾತ್ ಹೇಳಿ ಮುಂದುವರಿಯುತ್ತೇವೆ.

ಈ ನಿಯಮವನ್ನು ಚಾಕುವಿಗೆ ಅನ್ವಯಿಸಿರಿ. ಕೈಯಿಂದ ನಿಧಾನವಾಗಿ ತೆರೆಯುವುದಕ್ಕಿಂತ ಐದುಪಟ್ಟು ವೇಗದಿಂದ ಚಿಮ್ಮಿಸಿದರೆ, ಅಲಗಿನ ಬುಡವು ಹೋಗಿ ನಿಲ್ಲುವ ಜಾಗದ ಮೇಲೆ ಇಪ್ಪತ್ತೈದುಪಟ್ಟು ಶಕ್ತಿಯ ಪೆಟ್ಟು ಬೀಳುವುದು. ಆ ಪೆಟ್ಟಿನಿಂದ ಸ್ಪ್ರಿಂಗಿನ ತುದಿ ಜಜ್ಜುವುದು; ಕೀಲಿನ ಮೊಳೆಯ ರಂಧ್ರವು ದುಂಡಗಿದ್ದದ್ದು ಕ್ರಮೇಣ ಉದ್ದವಾಗುವುದು; ಅಲಗು ಅತ್ತಿತ್ತ ಆಡತೊಡಗುವುದು. ಮುಚ್ಚುವಾಗಲೂ ಹೀಗೆಯೇ. ಒಳ್ಳೆಯ ಚಾಕುವಿನ ಅಲಗಿನಲ್ಲಿ ಬುಡದ ಬಳಿ ಒಂದು ಸಣ್ಣ ಉಬ್ಬಿರುವುದು. ಮುಚ್ಚಿದಾಗ ಆ ಉಬ್ಬು ಸ್ಪ್ರಿಂಗಿನ ಮೇಲೆ ನಿಂತು, ಹರಿತವಾದ ಬಾಯಿ ಎಲ್ಲಿಯೂ ತಾಗದಂತೆ ಕಾಪಾಡುವುದು. ‘ಟಕ್ಕ’ನೆ ಬಿಟ್ಟು ಬಿಟ್ಟು ಆ ಉಬ್ಬು ಜಜ್ಜಿ ಸವೆದರೆ, ಆಮೇಲೆ ಮುಚ್ಚಿದಾಗಲೆಲ್ಲ ಅಲಗಿನ ಬಾಯಿ ಸ್ಪ್ರಿಂಗಿಗೆ ಬಡಿದು ಮೊಂಡಾಗುವುದು. ಚಿಮ್ಮಿಸಿ ತೆರೆಯುವುದಕ್ಕೆಂದೇ, ಕೀಲಿನಲ್ಲಿ ಸಣ್ಣ ಗುಂಡುಗಳನ್ನಿಟ್ಟು ಮಾಡಿದ ಚಾಕುಗಳು ಈಗಿನ ಕಾಲದಲ್ಲುಂಟು. ಅವುಗಳ ಕೀಲು ಕಡಮೆ ಸವೆದರೂ ಪೆಟ್ಟಿನ ನಿಯಮದಿಂದ ಅವುಗಳಿಗೂ ವಿನಾಯಿತಿಯಿಲ್ಲ. ಬೆನ್ನಿನ ಸ್ಪ್ರಿಂಗುಳ್ಳ ಹಳೆಯ ಚಾಕುವಾದರೋ ಉಗುರು ಸಿಕ್ಕಿಸಿ ಎರಡು ಕೈಗಳಿಂದ ತೆರೆಯಲೆಂದೇ ಮಾಡಿದ್ದು. ಅದು ಸುಲಭವಾಗಿ ಚಿಮ್ಮತೊಡಗಿತೆಂದರೆ ಸಂತೋಷಪಡಬೇಕಾದುದಿಲ್ಲ. ಸ್ಪ್ರಿಂಗು ಸಡಿಲವಾಗುತ್ತಿದೆಯೆಂದು ತಿಳಿಯಬೇಕು.

ಸ್ಪ್ರಿಂಗು ಬಾಗಿ ಬಾಗಿ ದಣಿದು ಮುರಿಯುವುದಿಲ್ಲವೆ ಎಂದು ಕೆಲವರು ಕೇಳಬಹುದು. ತಲೆಯ ಹೇರ್‌ಪಿನ್ನನ್ನು ಹಿಂದಕ್ಕೂ ಮುಂದಕ್ಕೂ ಹಲವು ಸಲ ಬಗ್ಗಿಸಿದರೆ ಅದು ಮುರಿಯುವುದನ್ನು ನಮ್ಮ ಹುಡುಗಿಯರೆಲ್ಲರೂ ಬಲ್ಲರು. ಜರ್ಮನಿಯ ರೈಲ್ವೆ ಎಂಜಿನಿಯರಾಗಿದ್ದ ವೋಲರ್ ಎಂಬಾತನು 1850ರ ಮತ್ತು 1860ರ ದಶಕಗಳಲ್ಲಿ ರೈಲುಗಾಡಿಯ ಅಚ್ಚುಗಳು ಏಕೆ ಮುರಿಯುವುವೆಂಬುದನ್ನು ವರ್ಷಗಟ್ಟಲೆ ಪರೀಕ್ಷಿಸಿದನು. ಬಾಗುವಿಕೆಯು ಒಂದು ಮೇರೆಯನ್ನು ಮೀರಿದರೆ ಉಕ್ಕು ಕೆಲವು ಸಾವಿರ ಸಲಕ್ಕೆ ಮುರಿಯುವುದು. ಆ ಮೇರೆಯೊಳಗಿದ್ದರೆ ಲಕ್ಷಾಂತರ ಸಲ ಬಾಗಿದರೂ ತಾಳಿಕೊಳ್ಳುವುದು, ಎಂದು ಅವನ ಪರೀಕ್ಷೆಗಳಿಂದ ತಿಳಿದುಬಂದಿತು. ಇದಕ್ಕೆ ನಮ್ಮ ನಾಡಿನಲ್ಲಿಯೇ ಒಂದು ನಿದರ್ಶನವುಂಟು. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು, ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ತಯಾರಾಗುತ್ತಿದ್ದುದನ್ನೂ ಅದು ದೂರದೂರದ ಊರುಗಳಿಗೆ ಹೋಗುತ್ತಿದ್ದುದನ್ನೂ ಬರೆದಿಟ್ಟಿದ್ದಾನೆ. ಮೀಟಿದ ತಂತಿಯು ಸೆಕೆಂಡಿಗೆ ನೂರಾರು ಸಲ ಕಂಪಿಸುವುದು. ಆದರೂ ತಿಂಗಳುಗಟ್ಟಲೆ ನುಡಿಯುವುದು. ಹದವಾಗಿ ಕಾಯಿಸಿ, ತಣಿಸಿ ಮಾಡಿದ ಸ್ಪ್ರಿಂಗು ಕೂಡ ಹಾಗೆಯೇ. ಕೇವಲ ತೆರೆದು ಮುಚ್ಚುವುದರಿಂದ ಅದು ಮುರಿಯುವುದು ಅಪರೂಪ. ಅದಕ್ಕೆ ತುಕ್ಕು ಹಿಡಿದು ಸಣ್ಣ ಕುಳಿಗಳಾದರೆ ಮಾತ್ರ ಬಿರುಕು ಅಲ್ಲಿಂದಲೇ ಮೊದಲಾಗುವುದು.

ತುಕ್ಕಿನ ಮಾತು ಬಂದುದರಿಂದ ಅಜ್ಜಿಯವರ ಪೆಟ್ಟಿಗೆಯ ಕಡೆಗೆ ತಿರುಗೋಣ. ಚಾಕುವನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟರೆ ಅದು ಕ್ಷೇಮವಾಗಿರುವುದೆಂದು ಅವರ ನಂಬಿಕೆ. ಆದರೆ ಕಬ್ಬಿಣವನ್ನು ತಿನ್ನಲು ಯಾರ ಕೈಯೂ ಬೇಕಾಗಿಲ್ಲ. ನೀರಿನ ಪಸೆ ಮತ್ತು ಗಾಳಿಯಲ್ಲಿರುವ ಆಮ್ಲಜನಕ ಇವೆರಡೇ ಸಾಕು. ಹತ್ತಿಯ ಬಟ್ಟೆಯು ಮಳೆಗಾಲದಲ್ಲಿ ಗಾಳಿಯ ತೇವವನ್ನು ಹೀರಿ ಉಕ್ಕಿನ ಮೈಗೆ ಒತ್ತಿಟ್ಟುಕೊಂಡಿರುವುದು. ಮಾವಿನ ಸೊನೆ, ದ್ರಾಕ್ಷಿಯ ರಸ, ಹುಣಿಸೆಯ ಹುಳಿ, ಇವುಗಳಲ್ಲಿ ಯಾವುದಾದರೂ ಅಲಗಿನ ಮೇಲೆ ಉಳಿದಿದ್ದರೆ ತುಕ್ಕು ಇನ್ನೂ ಬೇಗ ಏರುವುದು. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಸ್ಥಳ ಬೇಕಾಗುವುದರಿಂದ ಕೀಲು ಬಿಗಿದುಕೊಳ್ಳುವುದು. ಆಮೇಲೆ ಬಲವಂತದಿಂದ ತೆರೆದರೆ ಆ ತುಕ್ಕಿನ ಪುಡಿಯೇ ಉಜ್ಜುವ ಪುಡಿಯಾಗಿ ಕೀಲನ್ನು ಸವೆಯಿಸುವುದು. ಅಕ್ಕಸಾಲಿಗರು ಚಿನ್ನಕ್ಕೆ ಹೊಳಪು ಕೊಡಲು ಬಳಸುವ ಕೆಂಪು ಪುಡಿಯೂ ಕಬ್ಬಿಣದ ಆಕ್ಸೈಡೇ ಅಲ್ಲವೆ? 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ ಹ್ಯಾರಿ ಬ್ರಿಯರ್ಲಿ ಎಂಬಾತನು ಉಕ್ಕಿಗೆ ನೂರಕ್ಕೆ ಹನ್ನೆರಡು ಹದಿಮೂರು ಭಾಗ ಕ್ರೋಮಿಯಮ್ ಬೆರೆಸಿ, ಸುಲಭವಾಗಿ ತುಕ್ಕು ಹಿಡಿಯದ ಉಕ್ಕನ್ನು ಮಾಡಿದನು. ಇಂದಿನ ಅನೇಕ ಚಾಕುಗಳು ಆ ಜಾತಿಯವು. ತಾತನವರ ಚಾಕುವಾದರೋ ಹಳೆಯ ಬಗೆಯ ಉಕ್ಕಿನದು. ಅದು ತುಕ್ಕು ಹಿಡಿಯುವುದು.

ಒಂದಿಷ್ಟು ಸಡಿಲವಾದರೆ ಏನು ಮಹಾ ನಷ್ಟವೆಂದು ಯಾರಾದರೂ ಕೇಳಿದರೆ, ಎರಡು ನಷ್ಟಗಳುಂಟೆಂದು ಹೇಳುತ್ತೇವೆ. ಕಸಿ ಕಟ್ಟುವಾಗ ಬೇರುಗಿಡವನ್ನೂ ಕಸಿಕಡ್ಡಿಯನ್ನೂ ಒಂದೇ ಎಳೆತಕ್ಕೆ ಮಟ್ಟಸವಾಗಿ ಕೊಯ್ಯಬೇಕು. ತೊಗಟೆಯ ಕೆಳಗೆ ಬೆಳೆಯುವ ತೆಳ್ಳನೆಯ ಪದರವು ಎರಡರಲ್ಲಿಯೂ ಒಂದಕ್ಕೊಂದು ಕೂಡಿಕೊಂಡರೆ ಮಾತ್ರ ಕಸಿ ಹತ್ತುವುದು. ಅಲಗು ಕೀಲಿನಲ್ಲಿ ಅಲುಗಾಡಿದರೆ ಕೊಯ್ತವು ಡೊಂಕಾಗುವುದು, ನಡುವೆ ಗಾಳಿ ನಿಲ್ಲುವುದು, ಕಡ್ಡಿ ಒಣಗುವುದು. ಕೂದಲೆಳೆಯಷ್ಟು ಸಡಿಲವು ಒಂದು ಮಾವಿನ ಮರವನ್ನೇ ಇಲ್ಲದಂತೆ ಮಾಡಬಲ್ಲದು. ಎರಡನೆಯದು ಇದಕ್ಕಿಂತ ಹೆಚ್ಚಿನದು. ಇಂತಹ ಚಾಕುವಿಗೆ ಬೀಗವಿಲ್ಲ. ತೆರೆದ ಅಲಗನ್ನು ನಿಲ್ಲಿಸಿರುವುದು ಸ್ಪ್ರಿಂಗಿನ ಬಲವೊಂದೇ. ಬು�ಡದ ಮೂಲೆ ಸವೆದು ಸ್ಪ್ರಿಂಗು ಸೋತಿದ್ದರೆ, ಗಟ್ಟಿಯಾದ ಕೊಂಬೆಯನ್ನು ಕೊಯ್ಯುವಾಗ ಅಲಗು ಥಟ್ಟನೆ ಮಡಿಸಿಕೊಂಡು ಬೆರಳುಗಳ ಮೇಲೆ ಬೀಳುವುದು. ಹಾಗೆಯೇ ಚಿಮ್ಮಿಸುವ ಆಟದಲ್ಲಿ ಹಿಡಿ ಜಾರಿದರೆ ಪಕ್ಕದಲ್ಲಿ ಕುಳಿತ ತಂಗಿಗೋ ತಮ್ಮನಿಗೋ ಗಾಯವಾಗುವುದು. ಚಾಕುವಿನ ಸವೆತಕ್ಕಿಂತ ಇದು ದೊಡ್ಡ ಮಾತು. ಚಾಕು ಮನೆಯಲ್ಲಿಯೂ ತೋಟದಲ್ಲಿಯೂ ಇರತಕ್ಕದ್ದು. ಶಾಲೆಯ ಚೀಲದಲ್ಲಿ ಇರತಕ್ಕದ್ದಲ್ಲವೆಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ.

ಬರಿಯ ಕತ್ತರಿಯನ್ನು ಆಡಿಸಿದರೆ ಮನೆಯಲ್ಲಿ ಜಗಳವಾಗುವುದೆಂದು ನಮ್ಮ ಕಡೆಯ ಹಿರಿಯರು ಹೇಳುವುದುಂಟು. ಜಗಳಕ್ಕೂ ಕತ್ತರಿಗೂ ಸಂಬಂಧವನ್ನು ಯಾವ ಶಾಸ್ತ್ರವೂ ತೋರಿಸಲಾರದು. ಆದರೆ ಕತ್ತರಿ, ಚಾಕು, ಅಡಕತ್ತರಿಗಳನ್ನು ಕೆಲಸವಿಲ್ಲದೆ ಆಡಿಸುವುದರಿಂದ ಆಯುಧವೂ ಹಾಳು, ಕೈಗೂ ಅಪಾಯ ಎಂಬ ಅನುಭವವನ್ನು, ಮಕ್ಕಳು ಮರೆಯದಂತೆ ಅವರು ಹೀಗೆ ಹೇಳಿರಬಹುದು. ಗಾದೆಯ ಕಾರಣವನ್ನು ಬಿಟ್ಟು ಅದರ ಬುದ್ಧಿವಾದವನ್ನು ಹಿಡಿಯುವುದು ವಿವೇಕ.

ಇನ್ನು ಚಾಕುವನ್ನು ಕಾಪಾಡುವ ಕ್ರಮವನ್ನು ಹೇಳಿ ಮುಗಿಸುತ್ತೇವೆ. ಕೆಲಸವಾದೊಡನೆ ಅಲಗನ್ನು ಒರಸಬೇಕು. ಹುಳಿ ಅಥವಾ ಸೊನೆ ತಾಗಿದ್ದರೆ ತೊಳೆದು ಪೂರ್ತಿಯಾಗಿ ಒಣಗಿಸಬೇಕು. ತಿಂಗಳಿಗೊಮ್ಮೆ ಕೀಲನ್ನೂ ಹಿಡಿಯ ಒಳಗಿನ ಸಂದನ್ನೂ ಕಡ್ಡಿಗೆ ಸುತ್ತಿದ ಬಟ್ಟೆಯಿಂದ ಶುಚಿಮಾಡಿ, ಧೂಳೆಲ್ಲ ಹೋದಮೇಲೆ ಕೀಲಿಗೆ ಒಂದು ತೊಟ್ಟು ಎಣ್ಣೆ ಬಿಟ್ಟು, ನಾಲ್ಕಾರು ಸಲ ಮೆಲ್ಲಗೆ ತೆರೆದು ಮುಚ್ಚಬೇಕು. ಈ ನಾಲ್ಕಾರು ಸಲದಿಂದ ಹಾನಿಯಿಲ್ಲ, ಲಾಭವೇ ಉಂಟು. ಎಣ್ಣೆಯು ಒಳಗೆ ಹರಡುವುದು. ಹೊಸ ಚಾಕುವಿನಲ್ಲಿಯೂ ಮೊದಮೊದಲು ಶಿಖರಗಳು ಸವೆದು ಮುಖಗಳು ಹೊಂದಿಕೊಳ್ಳುವುದಕ್ಕೆ ಸ್ವಲ್ಪ ತಿರುಗಾಟ ಬೇಕು. ತೊಟ್ಟು ಎಣ್ಣೆಯೆಂದರೆ ಒಂದೇ ತೊಟ್ಟು. ಹೆಚ್ಚಾದ ಎಣ್ಣೆಯು ಹೊರಗೆ ಸೋರಿ ಧೂಳನ್ನು ಕರೆಯುವುದು.

ಯಾವ ಎಣ್ಣೆ ಒಳ್ಳೆಯದು? ಹೊಲಿಗೆಯ ಯಂತ್ರಕ್ಕೆ ಹಾಕುವ ತೆಳುವಾದ ಎಣ್ಣೆ ಎಲ್ಲಕ್ಕಿಂತ ಉತ್ತಮ. ಅದು ದೊರೆಯದಿದ್ದರೆ ಹರಳೆಣ್ಣೆ ಆಗಬಹುದು. ಎತ್ತಿನ ಗಾಡಿಗಳ ಕಾಲದಲ್ಲಿ ಹರಳೆಣ್ಣೆಯು ಕೀಲೆಣ್ಣೆಯಾಗಿ ಸಲ್ಲುತ್ತಿತ್ತು. 1914ರಿಂದ 1918ರವರೆಗೆ ನಡೆದ ಮಹಾಯುದ್ಧದಲ್ಲಿ ಅನೇಕ ವಿಮಾನಗಳ ಎಂಜಿನುಗಳಿಗೂ ಅದನ್ನೇ ಹಾಕುತ್ತಿದ್ದರು. ಕೊಬ್ಬರಿ ಎಣ್ಣೆಯು ಚಳಿಗಾಲದ ಬೆಳಗಿನಲ್ಲಿ ಹೆಪ್ಪುಗಟ್ಟುವುದು. ಅಗಸೆ, ಹುಚ್ಚೆಳ್ಳು ಇವುಗಳ ಎಣ್ಣೆಯು ಗಾಳಿಗೆ ಒಣಗಿ ಅಂಟಾಗುವುದರಿಂದ ಕೀಲಿಗೆ ಯೋಗ್ಯವಲ್ಲ. ಡಬ್ಬಿಯ ಮುಚ್ಚಳವನ್ನು ಮೀಟುವುದಕ್ಕೆ ಚಾಕುವನ್ನು ಎಂದಿಗೂ ಬಳಸಬಾರದು. ಅಲಗಿನ ಉದ್ದವೇ ಸನ್ನೆಗೋಲಾಗಿ, ಸಾವಿರ ಸಲ ತೆರೆದರೂ ಆಗದ ಹಾನಿಯನ್ನು ಕೀಲಿಗೆ ಒಂದೇ ಕ್ಷಣದಲ್ಲಿ ಮಾಡುವುದು. ಕೀಲು ಸಡಿಲವಾದರೆ ಮನೆಯಲ್ಲಿ ಕಲ್ಲಿನಿಂದ ಬಡಿಯದೆ, ಅನುಭವಿಯಾದ ಕಮ್ಮಾರನಿಗೆ ಕೊಟ್ಟು ಮೊಳೆಯ ತಲೆಯನ್ನು ಹದವಾಗಿ ತಟ್ಟಿಸಬೇಕು. ಅನೇಕ ಮನೆಗಳಲ್ಲಿ ಆಯುಧಪೂಜೆಯ ಮುನ್ನಾದಿನ ಆಯುಧಗಳನ್ನೆಲ್ಲ ತೊಳೆದು, ಉಜ್ಜಿ, ಎಣ್ಣೆ ಹಚ್ಚುವರು. ವರ್ಷಕ್ಕೊಂದು ದಿನ ಮಾಡುವ ಆ ಉಪಚಾರವನ್ನು ತಿಂಗಳಿಗೊಮ್ಮೆ ಮಾಡಿದರೆ ಆಯುಧಗಳು ಮೊಮ್ಮಕ್ಕಳ ಕಾಲಕ್ಕೂ ಉಳಿಯುವುವು.

ಈಗ ಸಾಸಲಿನ ಜಗಲಿಗೆ ನಮ್ಮ ತೀರ್ಪನ್ನು ಕಳುಹಿಸಬಹುದು. ಅಜ್ಜಿಯವರೇ, ಕೆಲಸಕ್ಕಾಗಿ ತೆರೆದು ಮುಚ್ಚುವುದರಿಂದ ಆ ಚಾಕು ನಿಮ್ಮ ಮೊಮ್ಮಗಳ ಕಾಲದಲ್ಲಿ ಸವೆದುಹೋಗುವುದೆಂಬ ಭಯ ಬೇಡ. ಪೆಟ್ಟಿಗೆಯಲ್ಲಿಟ್ಟರೆ ಮಾತ್ರ ಅದು ಯಾರಿಗೂ ಕಾಣದಂತೆ ಹಾಳಾದೀತು. ಮಗು, ಸುಮ್ಮನೆ ಆಡಿಸುವುದೂ ಚಿಮ್ಮಿಸುವುದೂ ನಿನ್ನ ತಾತನವರ ನಲವತ್ತು ವರ್ಷಗಳನ್ನು ಎಂಟು ತಿಂಗಳಲ್ಲಿ ಖರ್ಚುಮಾಡುವ ದಾರಿ. ಕೈಗೆ ಆಟ ಬೇಕಾದರೆ ಕಲ್ಲಾಟಕ್ಕೆ ಐದು ಕಲ್ಲುಗಳು ಅಂಗಳದಲ್ಲಿಯೇ ಸಿಕ್ಕುವುವು. ಚಾಕುವನ್ನು ದೊಡ್ಡವರ ಎದುರಿನಲ್ಲಿ, ಎರಡು ಕೈಗಳಿಂದ ತೆರೆದು, ಕಸಿ ಕಟ್ಟುವುದನ್ನು ಕಲಿ.

ನೆಲದಲ್ಲಿ ಹೂತಿಟ್ಟ ತಲಾಂತಿನ ಸಾಮ್ಯವನ್ನು ನಮ್ಮ ಶಾಲೆಯ ಬೆಳಗಿನ ಪ್ರಾರ್ಥನೆಯಲ್ಲಿ ಎಲ್ಲರೂ ಕೇಳಿದ್ದೇವೆ. ಯಜಮಾನನು ಒಪ್ಪಿಸಿದ್ದನ್ನು ಹೂತಿಟ್ಟವನು ಅದನ್ನು ಕಳೆದುಕೊಳ್ಳಲಿಲ್ಲ, ನಿಜ. ಆದರೂ ಅವನು ಒಳ್ಳೆಯ ಆಳೆನಿಸಲಿಲ್ಲ. ಹಿರಿಯರು ಬಿಟ್ಟುಹೋದ ಆಯುಧದ ವಿಷಯದಲ್ಲಿಯೂ, ಅವರು ಕಲಿಸಿದ ವಿದ್ಯೆಯ ವಿಷಯದಲ್ಲಿಯೂ ಇದೇ ಮಾತು ಸಲ್ಲುವುದು. ದುಂದುಮಾಡದೆ, ಹೂತಿಡದೆ, ಎಣ್ಣೆ ಹಾಕಿ ಕೆಲಸಕ್ಕೆ ಹಚ್ಚುವುದೇ ಅವರಿಗೆ ನಾವು ತೋರಿಸುವ ಗೌರವ. ಮುಂದಿನ ಬೇಸಗೆಯಲ್ಲಿ ಸಾಸಲಿಗೆ ಹೋದಾಗ, ಆ ಹುಡುಗಿಯ ಕೈಯಿಂದ ಕಟ್ಟಿದ ಒಂದು ಕಸಿಯಾದರೂ ಚಿಗುರಿರುವುದನ್ನು ಕಾಣುವೆವೆಂದು ನಂಬಿರುತ್ತೇವೆ.